ಏಳು

ಇಪ್ಪತ್ತೆರಡು ವರ್ಷ ರೈಟ್ ರೈಟ್ ಎಂದು ಕೂಗಿದವಳಿಗೆ
ರೈಟೇ ಕೈಕೊಟ್ಟಿತು:
ಬಲಗಿವಿ. ಅದೂ ಒಳಗಿನದು.
ಬರೀ ನೆಗಡಿ ಅಂದುಕೊಂಡು ಮಲಗಿದ್ದೆ.
ಎದ್ದರೆ ದುರ್ಗಿಗುಡಿಯ ಬಾಡಿಗೆ ಮನೆ
ಇಡಿಯಾಗಿ ಎಡಕ್ಕೆ ತಿರುವು ತೆಗೆದುಕೊಳ್ಳುತ್ತಿದೆ,
ಡ್ರೈವರ್ ಇಲ್ಲ.

ತೀರ್ಥಹಳ್ಳಿ ರೂಟಿನ ತಿರುವು ತಿರುವಿಗೂ
ಸೊಂಟವನ್ನು ಸೀಟಿನ ಕಂಬಿಗೆ ಆನಿಸಿ
ಟಿಕೆಟ್ ಹರಿದು, ಚಿಲ್ಲರೆ ಎಣಿಸಿ,
ಎಂಬತ್ತು ಜನರ ನಡುವೆ ಬೀಳದೆ ನಿಂತವಳು ನಾನು.
ಈಗ ಅಲ್ಲಾಡದ ನೆಲದ ಮೇಲೆ
ಬಚ್ಚಲಿಗೆ ಹೋಗಲು ಗೋಡೆ ಬೇಕು.

ಪಕ್ಕದ ಮನೆಯ ರುದ್ರಮ್ಮ ಪಿತ್ತ ಅಂದಳು, ಲಿಂಬೆಹಣ್ಣು ತಂದಳು.
ಡಿಪೊದಲ್ಲಿ ಯಾರೋ ಬೇರೇನೋ ಅಂದರಂತೆ,
ಗಂಡಸರಿಗೆ ಅನ್ನುವುದನ್ನೇ.

ಮೆಗ್ಗಾನ್ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಫರ್ಹಾನಾ,
ನನ್ನ ಮಗಳಿಗಿಂತ ಚಿಕ್ಕವಳು,
ತಲೆಯನ್ನು ಎರಡೂ ಕೈಯಲ್ಲಿ ಹಿಡಿದು
"ನನ್ನ ಮೂಗು ನೋಡ್ತಾ ಇರಿ" ಅಂದವಳೇ
ಥಟ್ಟನೆ ಬಲಕ್ಕೆ ತಿರುಗಿಸಿದಳು.
ಕಣ್ಣು ತಲೆಯ ಜೊತೆಗೇ ಹೋಗಿಬಿಟ್ಟು,
ಸ್ಟಾಪು ದಾಟಿ ಇಳಿದವನ ಹಾಗೆ
ಮೂಗಿಗೆ ವಾಪಸು ಓಡಿ ಬಂತು.

"ಗಾರೆ ಮೇಸ್ತ್ರಿ ಇಡ್ತಾರಲ್ಲ, ರಸಮಟ್ಟ,
ಅಂಥದ್ದು ಕಿವಿಯೊಳಗೆ, ಎರಡೂ ಕಡೆ.
ನಿಮ್ಮ ಬಲಗಡೆಯದು ಸುದ್ದಿ ಕಳಿಸ್ತಿಲ್ಲ.
ತಲೆ ಎಷ್ಟು ಹೋಯ್ತೋ
ಕಣ್ಣು ಅಷ್ಟೇ ಎದುರು ದಿಕ್ಕಿಗೆ ಹೋಗಬೇಕು.
ಲೆಕ್ಕದಲ್ಲಿ ಕೊರತೆ ಬೀಳ್ತಿದೆ."

ಕೊರತೆ ಅಂದರೆ ನನಗೆ ಹೇಳಿಕೊಡಬೇಕೇ.
ರಾತ್ರಿ ಚೀಲ ಸುರಿದು ಎಣಿಸುವಾಗ
ಒಂಬತ್ತು ರೂಪಾಯಿ ಕಮ್ಮಿ ಬಂದರೆ
ಕೈಯಿಂದ ಕಟ್ಟಬೇಕು.
ಇದನ್ನೂ ಹಾಗೇ ಕಟ್ಟಬೇಕಂತೆ,
ದಿನಕ್ಕೆ ಐದು ಸಲ, ಒಂದೊಂದು ನಿಮಿಷ.
"ಗೋಡೆಗೆ ಒಂದು ಅಕ್ಷರ ಅಂಟಿಸಿಕೊಳ್ಳಿ."

ಟ್ರಂಕಿನ ತಳದಲ್ಲಿ ಮಿಷನ್ ಬರುವ ಮೊದಲಿನ ಟಿಕೆಟ್ಟೊಂದು ಇತ್ತು,
ಏಳು ರೂಪಾಯಿಯದು.
ಅನ್ನದ ಅಗುಳು ಹಚ್ಚಿ ಕಣ್ಣಿನ ಮಟ್ಟಕ್ಕೆ ಅಂಟಿಸಿದೆ.
ತಲೆ ಆಚೆಗೆ ಈಚೆಗೆ, ಬೇಡ ಬೇಡ ಅನ್ನುವ ಹಾಗೆ;
ಆಮೇಲೆ ಮೇಲೆ ಕೆಳಗೆ, ಹೂಂ ಹೂಂ ಅನ್ನುವ ಹಾಗೆ.
ಏಳು ನಿಲ್ಲಬೇಕು.
ನಿಲ್ಲುವುದಿಲ್ಲ. ಎರಡಾಗುತ್ತದೆ, ಕಲಸುತ್ತದೆ,
ಬಿಸಿ ಡಾಂಬರಿನ ಮೇಲಿನ ಗಾಳಿಯಂತೆ ನಡುಗುತ್ತದೆ.
ಮಧ್ಯಾಹ್ನದ ಊಟವೆಲ್ಲ ಗಂಟಲಿಗೆ ಬರುತ್ತದೆ.
ಫೋನು ಮಾಡಿದರೆ ಅವಳು ನಕ್ಕಳು:
"ಸ್ವಲ್ಪ ತಪ್ಪಲಿ ಮೇಡಂ. ತಪ್ಪದಿದ್ದರೆ ಮೆದುಳು ಯಾಕೆ ಕಲಿಯುತ್ತೆ?"

ಮಂಡಗದ್ದೆಯ ಬೆಳ್ಳಕ್ಕಿ ನೆನಪಾಯಿತು.
ತುಂಗೆ ಕೊಂಬೆಯನ್ನು ಎಳೆಯುತ್ತದೆ, ಕೊಂಬೆ ಹಕ್ಕಿಯನ್ನು ತೂಗುತ್ತದೆ,
ಕಾಲು ಹೋಗುತ್ತದೆ, ಮೈ ಹೋಗುತ್ತದೆ,
ತಲೆ ಮಾತ್ರ ಗಾಳಿಗೆ ಮೊಳೆ ಹೊಡೆದ ಹಾಗೆ ಅಲ್ಲೇ.
ದಿನಾ ಎರಡು ಸಲ ದಾಟಿದ ಜಾಗ.
ಆಗ ಕಂಡದ್ದು ಬಾಗಿಲು,
ಕೂಗಿದ್ದು "ಯಾರ್ರೀ ಮಂಡಗದ್ದೆ".

ಆರನೇ ವಾರ, ಬೆನಕಪ್ಪನ ಬಸ್ಸು ಹತ್ತಿದೆ.
ಹೆಗಲಲ್ಲಿ ಚೀಲವಿಲ್ಲ, ಕೈಯಲ್ಲಿ ಸೊನ್ನೆ ರೂಪಾಯಿಯ ಟಿಕೆಟ್.
ಸೀಟು ಖಾಲಿ ಇತ್ತು, ನಿಂತೆ.
ಕಿಟಕಿಯ ಮೇಲೆ ಬರೆದಿದೆ: ಮಹಿಳೆಯರಿಗೆ.
ತಿರುವಿಗೊಮ್ಮೆ ತಲೆ ಹೊರಳಿಸಿ, ಕಣ್ಣು ಅಲ್ಲೇ ನೆಟ್ಟೆ.
ಗಾಜನೂರಿನವರೆಗೆ ಆರೂ ಅಕ್ಷರ ನಿಂತವು.
ಆನೆ ಬಿಡಾರ ದಾಟಿದ ಮೇಲೆ ಮೊದಲು ಹಿ ಜಾರಿತು,
ಹಿಂದೆಯೇ ಳೆ. ಕುಸಿದು ಕೂತೆ,
ಬೆವರು ಒರೆಸಿಕೊಂಡೆ.

ಹೊಸ ಕಂಡಕ್ಟರ್, ಮೀಸೆ ಈಗ ಬರುತ್ತಿರುವ ಹುಡುಗ,
"ಸೀಟಿತ್ತಲ್ಲಕ್ಕಾ, ಯಾಕೆ ನಿಂತೇ ಬಂದ್ರಿ?"

"ಅಭ್ಯಾಸ" ಅಂದೆ.

ಅವನು ತಲೆಯಾಡಿಸಿ, ಹಿಂದಕ್ಕೆ ತಿರುಗಿ
ರೈಟ್ ಅಂದ.
ಮುಂದಿನ ತಿರುವಿಗೆ ಇನ್ನೂ ಸಮಯವಿತ್ತು.
ಕಂಬಿ ಹಿಡಿದು
ಎದ್ದೆ.